ಯಜಮಾನರು ಅಲ್ಲಾಡಿಸಿದ ಕಾಯಿ

ಯುಗಾದಿಯ ಬೇವಿನ ಕಹಿ ಇನ್ನೂ ನಾಲಿಗೆಯಿಂದ ಇಳಿದಿಲ್ಲ. ತಿಪಟೂರಿನಲ್ಲಿ ಮಧ್ಯಾಹ್ನದ ಕರೆಂಟು ಹೋಗಿ, ಬೀಸಣಿಗೆ ಹಿಡಿದು ಜಗಲಿಯಲ್ಲಿ ಕುಳಿತ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಸಂಗತಿಗಳು ಕಳೆದ ದೀಪಾವಳಿಯ ಆಸುಪಾಸಿನವು. ಆದರೆ ಇಂಥವು ಒಮ್ಮೆ ನಡೆದು ಮುಗಿಯುವ ಜಾತಿಯವಲ್ಲ. ಎಲ್ಲಿ ಒಬ್ಬನು ತಿರುಗುವ ಕುರ್ಚಿಯಲ್ಲಿಯೂ ಉಳಿದವರು ಪ್ಲಾಸ್ಟಿಕ್ ಕುರ್ಚಿಗಳಲ್ಲಿಯೂ ಕುಳಿತು, ಉಳಿದವರ ಕಣ್ಣೆಲ್ಲ ಆ ಒಬ್ಬನ ಹುಬ್ಬಿನ ಮೇಲೆ ನೆಟ್ಟಿರುತ್ತದೆಯೋ, ಅಲ್ಲೆಲ್ಲ ಇವು ನಡೆಯುತ್ತಲೇ ಇರುತ್ತವೆ.

ನಮ್ಮೂರಿನ ಕೊಬ್ಬರಿ ಮಂಡಿಯೊಂದರ ಯಜಮಾನರು ಕಾಲೇಜಿನಲ್ಲಿ ನನ್ನ ಶಿಷ್ಯರಾಗಿದ್ದವರು. ನಾನು ನಿವೃತ್ತನಾದ ಮೇಲೆ, ತಮ್ಮ ಸಭೆಗಳಲ್ಲಿ ನರೆತ ತಲೆಯೊಂದಿದ್ದರೆ ಶೋಭೆಯೆಂದು ಬಗೆದು, ನನ್ನನ್ನು ಸಲಹೆಗಾರನೆಂಬ ಹೆಸರಿನಲ್ಲಿ ಕರೆದು ಕೂರಿಸಿಕೊಂಡರು. ಸಲಹೆ ಕೇಳುವ ಅಗತ್ಯ ಅವರಿಗೆ ಎಂದೂ ಬೀಳಲಿಲ್ಲ. ಕಾಫಿ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ನಮ್ಮ ಸೀಮೆಯ ಕೊಬ್ಬರಿಯನ್ನು ಅರಿಯದವರಿಗೆ ಒಂದು ಮಾತು. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ, ಹೆಚ್ಚುಕಡಿಮೆ ಒಂದು ವರ್ಷ ಅದರ ಪಾಡಿಗೆ ಅದನ್ನು ಬಿಡಬೇಕು. ಆಗ ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಕಳಚಿಕೊಂಡು, ಇಡಿಯ ಉಂಡೆಯಾಗುತ್ತದೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಉಂಡೆ ಕರಟಕ್ಕೆ ಬಡಿದು ಲೊಟಲೊಟ ಎನ್ನುತ್ತದೆ. ನೀರಿದ್ದರೆ ಕುಲುಕುಲು ಎನ್ನುತ್ತದೆ. ಅವಧಿಗೆ ಮುನ್ನ ಒಡೆದರೆ ತಿರುಳು ಕರಟಕ್ಕಂಟಿ ಚೂರಾಗುತ್ತದೆ. ಒಡೆದ ಕಾಯನ್ನು ಮತ್ತೆ ಅಟ್ಟಕ್ಕೇರಿಸುವ ವಿದ್ಯೆಯನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

೧. ಅಹಂಕಾರ ಬಿಟ್ಟ ಬಗೆ

ಬೆಂಗಳೂರಿನ ಹೋಟೆಲೊಂದರಲ್ಲಿ ವ್ಯಾಪಾರದ ಮುಂದಾಳುಗಳಿಗಾಗಿ ಶಿಬಿರವೊಂದು ನಡೆಯಿತು. ಮುಂದಾಳಾದವನು 'ನಾನು' ಎಂಬುದನ್ನು ತೊರೆದರೆ ಅವನ ನಿರ್ಣಯಗಳು ತಿಳಿಯಾಗುತ್ತವೆ, ತೊಡಕುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ ಎಂಬುದು ಅಲ್ಲಿಯ ಬೋಧೆ. ಬೋಧೆಯಲ್ಲಿ ದೋಷವಿಲ್ಲ. ನಮ್ಮ ಹಿಂದಿನವರೂ ಅದನ್ನೇ ಹೇಳಿದ್ದರು. ಶುಲ್ಕವಿಲ್ಲದೆ ಹೇಳಿದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಯಜಮಾನರು ಹೋದರು, ತೊರೆದರು, ಬಂದರು. ಮಾರನೆಯ ದಿನ ಶಾಲು ಹೊದ್ದು ಪ್ರಶಸ್ತಿಪತ್ರ ಹಿಡಿದ ಅವರ ಭಾವಚಿತ್ರ ಮಂಡಿಯ ಗೋಡೆಗೇರಿತು. ಅದಕ್ಕೆ ಜಾಗ ಸಾಲದೆ ಲಕ್ಷ್ಮಿಯ ಪಟ ತುಸು ಪಕ್ಕಕ್ಕೆ ಸರಿಯಿತು. ಸಾಲದೆಂಬಂತೆ, ಅವರ ಮ್ಯಾನೇಜರು ಬಸ್ ನಿಲ್ದಾಣದ ಎದುರಿಗೆ ಒಂದು ಫ್ಲೆಕ್ಸನ್ನೂ ಕಟ್ಟಿಸಿದರು: 'ಅಹಂಕಾರ ತ್ಯಜಿಸಿದ ನಮ್ಮ ಹೆಮ್ಮೆಯ ಯಜಮಾನರಿಗೆ ಹಾರ್ದಿಕ ಅಭಿನಂದನೆಗಳು.'

ಯಜಮಾನರಿಗೆ ಒಬ್ಬ ತಮ್ಮನಿದ್ದಾನೆ. ಹೊನ್ನವಳ್ಳಿಯಲ್ಲಿದ್ದು ತನ್ನ ತೋಟವನ್ನೂ ಅಣ್ಣನ ತೋಟವನ್ನೂ ನೋಡಿಕೊಳ್ಳುವವನು. ಅವನು ಆ ಫ್ಲೆಕ್ಸನ್ನು ಕಂಡು ಮಂಡಿಗೆ ಬಂದು, "ಅಣ್ಣ, ಅಷ್ಟು ದೊಡ್ಡದು ಬೇಕಿತ್ತಾ?" ಎಂದನು.

"ಲೇ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರೂ ತಾಲ್ಲೂಕು ಸುತ್ಕೊಂಡು ಬಾ," ಎಂದರು ಯಜಮಾನರು. "ಅಹಂಕಾರ ಬಿಡೋದ್ರಲ್ಲಿ ನನ್ನ ಸಮಕ್ಕೆ ನಿಲ್ಲೋನು ಒಬ್ಬನಿದ್ರೆ ತೋರ್ಸು. ಅವತ್ತೇ ಬಿಚ್ಚಿಸ್ತೀನಿ."

೨. ಸ್ವತಂತ್ರ ಅಭಿಪ್ರಾಯ

ಉತ್ತರ ಭಾರತದಿಂದ ಬರುವ ಹಳೆಯ ವ್ಯಾಪಾರಿಯೊಬ್ಬರು ಯಜಮಾನರಿಗೆ ಫೋನು ಮಾಡಿ, ಈ ಸಲದ ಉಂಡೆ ಯಾವಾಗ ಸಿಕ್ಕೀತೆಂದು ವಿಚಾರಿಸಿದರು. ಶಿವರಾತ್ರಿ ಕಳೆಯಲಿ ಎಂದಿದ್ದರೆ ಮಾತು ಮುಗಿಯುತ್ತಿತ್ತು. ಎದುರು ಮಂಡಿಯವನು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಾನೆಂದು ಕಂಡ ಯಜಮಾನರು ಸ್ವರವೇರಿಸಿ, "ಊರಿಗೆಲ್ಲ ಮೊದಲು ನನ್ನದೇ. ದೀಪಾವಳಿ ಆದ ವಾರಕ್ಕೆ ಬನ್ನಿ," ಎಂದುಬಿಟ್ಟರು.

ಕಾಯಿ ಅಟ್ಟಕ್ಕೇರಿದ್ದು ಆ ವರ್ಷದ ಯುಗಾದಿಯ ತರುವಾಯ, ದೀಪಾವಳಿಗೆ ಏಳು ತಿಂಗಳಷ್ಟೇ. ಅಟ್ಟವಿರುವುದು ಹೊನ್ನವಳ್ಳಿಯಲ್ಲಿ, ಅದು ಯಜಮಾನರದು. ನಡುವೆ ಒಂದು ಬಿದಿರಿನ ತಡಿಕೆ. ಅದರ ಈಚೆಗೆ ಯಜಮಾನರ ಕಾಯಿ, ಆಚೆಗೆ ತಮ್ಮನ ಕಾಯಿ. ತಮ್ಮನ ವರ್ಷದ ಬೆಳೆಯೆಲ್ಲ ಆ ತಡಿಕೆಯ ಆಚೆಗಿತ್ತು. ಎರಡೂ ರಾಶಿಯನ್ನು ಒಟ್ಟಿಗೇ ಕೆಳಗಿಳಿಸುವುದು ವಾಡಿಕೆ, ಅದರ ಅಪ್ಪಣೆ ಮಾತ್ರ ಅಣ್ಣನದು. ಹಾಗಾಗಿ ಆ ಫೋನಿನ ಮಾತು ಕೇಳಿ ಅವನಿಗೆ ಊಟ ಸೇರದಂತಾಯಿತು.

ಯಜಮಾನರು ಸಭೆ ಕರೆದರು. ಶಿಬಿರದಲ್ಲಿ ಕಲಿತ ಪದ್ಧತಿಯಂತೆ, "ಇನ್ಮೇಲೆ ನನ್ನ ಅಭಿಪ್ರಾಯ ಕೊನೆಗೆ. ಮೊದಲು ನೀವೆಲ್ಲ ನಿರ್ಭಯವಾಗಿ ಹೇಳಿ. ಅಟ್ಟದ ಕಾಯಿ ಇಳಿಸೋಣವೋ, ಬೇಡವೋ?" ಎಂದರು.

ತಮ್ಮನೊಬ್ಬನೇ, "ಬೇಡ ಕಣಣ್ಣ. ಇನ್ನೂ ನೀರೈತೆ," ಎಂದನು.

"ನಿನ್ನದು ಗೊತ್ತಿರೋದೇ. ಮಿಕ್ಕೋರು ಹೇಳ್ರಿ."

ಮಿಕ್ಕವರ ಸ್ಥಿತಿ ದಯನೀಯವಾಗಿತ್ತು. ಇಷ್ಟು ವರ್ಷ ಯಜಮಾನರ ಮಾತಿಗೆ ತಲೆಯಾಡಿಸಿ ಕತ್ತು ಪಳಗಿದವರು, ಯಾವ ದಿಕ್ಕಿಗೆ ಆಡಿಸಬೇಕೆಂಬ ಸೂಚನೆಯಿಲ್ಲದೆ ಬೆವರಿದರು. ಒಬ್ಬರು ಫ್ಯಾನು ನೋಡಿದರು, ಒಬ್ಬರು ಬಿಸ್ಕತ್ತು ನೋಡಿದರು. ನಾನೂ ಕಾಫಿಯ ಲೋಟದೊಳಗೆ ದೃಷ್ಟಿಯಿಟ್ಟೆ. ಕೊನೆಗೆ ಮ್ಯಾನೇಜರು ಎದ್ದು, ಎರಡೂ ಕೈ ಜೋಡಿಸಿ, ವಿನಯದಿಂದ ನುಡಿದರು:

"ಸಾರ್, ತಾವು ಮೊದಲು ಒಂದು ಮಾತು ಹೇಳಿಬಿಟ್ರೆ, ನಮ್ಮ ಸ್ವತಂತ್ರ ಅಭಿಪ್ರಾಯ ತಿಳಿಸೋಕೆ ಅನುಕೂಲ ಆಗುತ್ತೆ."

೩. ಹೊನ್ನವಳ್ಳಿಯ ಅಟ್ಟದಲ್ಲಿ

ಯಜಮಾನರು ತಮ್ಮ ಮಾತು ಹೇಳಿ, ಕಾಯಿ ಇಳಿಸಬೇಕೆಂದು ಸಭೆಯಲ್ಲಿ ಒಮ್ಮತ ಮೂಡಿದ ಮೇಲೂ ತಮ್ಮನು ಪಟ್ಟು ಬಿಡಲಿಲ್ಲ. "ನೀನೇ ಬಂದು ಒಂದು ಕಾಯಿ ಅಲ್ಲಾಡ್ಸಿ ನೋಡಣ್ಣ. ಲೊಟಲೊಟ ಅಂದ್ರೆ ನಾನು ಉಸಿರೆತ್ತಲ್ಲ," ಎಂದನು. ಪರೀಕ್ಷೆಗೆ ಅಂಜುವವರಲ್ಲ ಯಜಮಾನರು. ಫಲಿತಾಂಶವನ್ನು ತಾವೇ ಹೇಳುವುದಾದರೆ ಯಾವ ಪರೀಕ್ಷೆಗಾದರೂ ಸಿದ್ಧರು. ಕಾರಿನಲ್ಲಿ ಎಲ್ಲರೂ ಹೊನ್ನವಳ್ಳಿಗೆ ಹೋದೆವು.

ಅಟ್ಟದ ಮೇಲೆ ಕಾಯಿರಾಶಿ ಮಾಡು ಮುಟ್ಟುವಂತಿತ್ತು. ಯಜಮಾನರು ಬಾಗಿ ಒಂದನ್ನು ಆರಿಸಿದರು, ಧೂಳು ಒರೆಸಿದರು, ಗಂಭೀರವಾಗಿ ಕಿವಿಯ ಬಳಿಗೆ ತಂದರು, ಕಣ್ಣು ಮುಚ್ಚಿದರು. ಏಣಿಯ ಮೇಲಿದ್ದ ನನಗೆ ನನ್ನ ಉಸಿರೇ ದೊಡ್ಡದಾಗಿ ಕೇಳುವಷ್ಟು ನಿಶ್ಶಬ್ದ.

"ಆಹಾ," ಎಂದರು ಮ್ಯಾನೇಜರು. "ಎಂಥ ಸದ್ದು ಸಾರ್. ಲೊಟಲೊಟ ಅಂತ ಗಂಟೆ ಹೊಡೆದಂಗೆ ಕೇಳಿಸ್ತು."

ಯಜಮಾನರು ಒಂದು ಕಣ್ಣು ತೆರೆದು, "ತಡೀರಿ, ಇನ್ನೂ ಅಲ್ಲಾಡಿಸಿಲ್ಲ," ಎಂದರು.

೪. ಚಟ್ನಿ

ಯಜಮಾನರ ಪತ್ನಿ ದಂಡಿನಶಿವರದ ತೆಂಗಿನ ತೋಟದ ಮನೆಯಿಂದ ಬಂದವರು. ಗಂಡನೊಡನೆ ವಾದಿಸುವುದನ್ನು ಎಂದೋ ಕೈಬಿಟ್ಟಿದ್ದಾರೆ. ಹೇಳಬೇಕಾದ್ದನ್ನು ತಟ್ಟೆಯಲ್ಲಿ ಹಾಕಿ ಮುಂದಿಡುತ್ತಾರೆ. ಒಂದು ಬೆಳಿಗ್ಗೆ ತಿಂಡಿಗೆ ನನ್ನನ್ನೂ ಕರೆದಿದ್ದರು. ದೋಸೆಯೊಡನೆ ಬಿಳಿಯ ಚಟ್ನಿ. ಯಜಮಾನರು ಮೂರನೆಯ ಸಲ ಬಡಿಸಿಕೊಂಡು, "ಏನೇ ಇದು, ಇವತ್ತಿನ ಚಟ್ನಿ ಭಾರಿ ರುಚಿಯಾಗೈತೆ," ಎಂದರು.

"ನಿಮ್ಮ ಕೊಬ್ಬರೀದೇ ಕಣ್ರೀ," ಎಂದರು ಆಕೆ, ದೋಸೆ ಮಗುಚುತ್ತ. "ಹೊನ್ನವಳ್ಳಿ ಅಟ್ಟದ್ದು. ನಿಮ್ಮ ತಮ್ಮನ ಕೈಲಿ ನೆನ್ನೆ ತರಿಸ್ದೆ. ಒಡೆದ್ರೆ ಲೋಟದ ತುಂಬ ನೀರು ಬಂತು. ಹಸಿ ಕಾಯಿ ಹಂಗೆ ತುರಿಯೋಕೆ ಬಂತು. ನಾನು ಹುಟ್ಟಿದಾಗಿಂದ ತೆಂಗಿನ ತೋಟದಲ್ಲೇ ಇದ್ದೀನಿ, ಇಂಥ ಕೊಬ್ಬರಿ ಕಂಡೇ ಇರಲಿಲ್ಲ."

ಯಜಮಾನರ ಕೈ ತಟ್ಟೆಯ ಮೇಲೆಯೇ ನಿಂತಿತು. ಸತ್ಯವು ಬಾಯಿಯೊಳಗೇ ಹೊಕ್ಕ ಮೇಲೆ ಮನುಷ್ಯನು ಇನ್ನೆತ್ತ ಓಡಿಯಾನು ಎಂದು ನಾನು ಒಳಗೊಳಗೇ ಸಂತೋಷಪಟ್ಟೆ. ಅವರ ಯೋಗ್ಯತೆಯನ್ನು ಅಷ್ಟು ಕಡಿಮೆಯಾಗಿ ಎಣಿಸಬಾರದಿತ್ತು. ನಿಧಾನವಾಗಿ ಅಗಿದು, ನುಂಗಿ, ನನ್ನ ಕಡೆ ತಿರುಗಿ ಯಜಮಾನರು ಹೀಗೆಂದರು:

"ಕೇಳಿದ್ರಾ ಮೇಷ್ಟ್ರೇ? ಎದುರು ಮಂಡಿಯೋನ ಕೊಬ್ಬರೀಲಿ ಇಂಥ ಚಟ್ನಿ ಬರುತ್ತಾ?"

೫. ಮೊದಲ ಕಾಯಿ

ದೀಪಾವಳಿ ಕಳೆಯಿತು. ಹೊನ್ನವಳ್ಳಿಯ ಅಟ್ಟದ ಮುಂದೆ ಶಾಮಿಯಾನ ಬಿತ್ತು. ಸುಲಿಯುವವರು ತಮ್ಮ ಕಬ್ಬಿಣದ ಕೋಲುಗಳನ್ನು ನೆಲಕ್ಕೆ ನೆಟ್ಟು ಕಾದಿದ್ದರು. ಉತ್ತರದ ವ್ಯಾಪಾರಿ ಬಂದು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಎಷ್ಟೋ ವರ್ಷಗಳಿಂದ ಓಡಾಡಿ ನಮ್ಮ ಕಡೆಯ ಕನ್ನಡವನ್ನು ನಮ್ಮಂತೆಯೇ ಆಡುವವರು. ತಮ್ಮನು ಕಂಬಕ್ಕೊರಗಿ ನಿಂತಿದ್ದನು. ಹಿಂದಿನ ದಿನ ಸಂಜೆ ನನ್ನಲ್ಲಿಗೆ ಬಂದು, "ಮೇಷ್ಟ್ರೇ, ನೀವಾದ್ರೂ ಒಂದು ಮಾತು ಹೇಳಿ. ನಾಳೆ ಒಡೆದ್ರೆ ನನ್ನ ವರ್ಷ ಹೋಯ್ತು," ಎಂದಿದ್ದನು. ನಾನು ಹೇಳಿಯೂ ಇದ್ದೆ. ಯಜಮಾನರು ನನ್ನ ಭಾಷೆಯನ್ನು ಬಹಳವಾಗಿ ಮೆಚ್ಚಿಕೊಂಡಿದ್ದರು.

ಮೊದಲ ಕಾಯಿ ತಮ್ಮದೇ ಆಗಬೇಕೆಂದು ಯಜಮಾನರು ಸ್ವತಃ ಏಣಿ ಹತ್ತಿದರು. ತಡಿಕೆಯ ಈಚೆಯಿಂದ, ತಮ್ಮ ಸ್ವಂತ ರಾಶಿಯಿಂದಲೇ, ಒಂದನ್ನು ತೆಗೆದು ಫೋಟೋದವನ ಕಡೆಗೆ ಎತ್ತಿ ಹಿಡಿದರು. ಅದನ್ನು ನಾವೆಲ್ಲರೂ ಕಂಡೆವು. ಸುಲಿದದ್ದಾಯಿತು. ಯಜಮಾನರು ಮಚ್ಚು ತೆಗೆದುಕೊಂಡು, ನಿರ್ಣಯಶಕ್ತಿಯ ವಿಷಯವಾಗಿ ನಾಲ್ಕು ಮಾತಾಡಿ, ಕರಟದ ನಡುವೆ ಒಂದೇಟು ಹಾಕಿದರು.

ನೀರು ಚಿಮ್ಮಿ ಅವರ ಮುಖಕ್ಕೂ ಗರಿಗರಿ ಬಿಳಿಯ ಅಂಗಿಗೂ ರಾಚಿತು. ತಿರುಳು ಕರಟವನ್ನು ಅಪ್ಪಿಕೊಂಡು ಮೂರು ಚೂರಾಯಿತು.

"ಅಭಿಷೇಕ ಆಯ್ತು ಸಾರ್," ಎಂದರು ಮ್ಯಾನೇಜರು, ಟವೆಲ್ ನೀಡುತ್ತ.

ವ್ಯಾಪಾರಿ ಚೂರನ್ನು ಎತ್ತಿ ಉಗುರಿನಿಂದ ಒತ್ತಿ ನೋಡಿದರು. "ಯಜಮಾನ್ರೇ, ಕೊಬ್ಬರಿಗೆ ಅಂತ ಕರ್ಸಿ ಎಳನೀರು ಕೊಡ್ತಿದ್ದೀರಲ್ಲ."

ಸುಲಿಯುವವರು ತಲೆ ತಗ್ಗಿಸಿ ನಗೆ ತಡೆದರು. ಯಜಮಾನರು ಮುಖ ಒರೆಸಿಕೊಂಡು ಸುತ್ತಲೂ ಕಣ್ಣಾಡಿಸಿದರು. ತಪ್ಪು ನಡೆದಿದೆ, ತಪ್ಪಿಗೊಬ್ಬ ಒಡೆಯನು ಬೇಕು. ಇಂಥ ಹೊತ್ತಿನಲ್ಲಿ ಅವರ ನಿರ್ಣಯ ಎಂದೂ ತಡವಾದದ್ದಿಲ್ಲ.

"ಇದು ನನ್ನ ಕಡೆ ಕಾಯಲ್ಲ," ಎಂದರು. "ತಡಿಕೆ ಆಚೇದು. ನಮ್ಮ ತಮ್ಮನದು."

ತಮ್ಮನು ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದನು, ಬಾಯಿ ತೆರೆದನು. ಜಗಳವೇ ಆಯಿತೆಂದು ನಾನು ಕುರ್ಚಿಯ ಅಂಚಿಗೆ ಸರಿದೆ. ಅಷ್ಟರಲ್ಲಿ ಅವನ ಕಣ್ಣು ಅಟ್ಟದ ಕಡೆಗೆ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ತೆರೆದ ಬಾಯನ್ನು ಮುಚ್ಚಿಕೊಂಡು, ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು, ಊರವರೆದುರು ತಲೆ ತಗ್ಗಿಸಿ ನಿಂತನು.

"ಹೌದು ಕಣಣ್ಣ. ನಂದೇ. ತಪ್ಪಾಯ್ತು."

"ನೋಡಿದ್ರಾ," ಎಂದರು ಯಜಮಾನರು, ಶಾಮಿಯಾನಕ್ಕೆಲ್ಲ ಕೇಳುವಂತೆ.

"ನನ್ನ ಕಾಯಿ ಸರಿ ಇಲ್ಲ ಕಣಣ್ಣ, ಇನ್ನೂ ಆಗಿಲ್ಲ. ನಿಂದು ಆಗೈತೆ. ನಂದನ್ನೂ ಜೊತೇಲಿ ಒಡೆಸಿದ್ರೆ ನಿನ್ನ ಮಂಡಿ ಮರ್ಯಾದೆ ಹೋಯ್ತದೆ. ನಂದು ಅಲ್ಲೇ ಬಿದ್ದಿರಲಿ ಬುಡು, ಯಾರೂ ಮುಟ್ಟೋದು ಬೇಡ. ನಿಂದನ್ನ ಮಾತ್ರ ಇಳಿಸ್ಕೊ."

ವ್ಯಾಪಾರಿ ಏನೋ ಹೇಳಹೊರಟವರು, ತಮ್ಮನ ಮುಖವನ್ನೊಮ್ಮೆ ನೋಡಿ ಕೆಮ್ಮಿ, ಕೈಯಲ್ಲಿದ್ದ ಚೂರನ್ನು ಕೆಳಗಿಟ್ಟರು. ಯಜಮಾನರ ಹೃದಯ ಕರಗಿಹೋಯಿತು. ಮಚ್ಚನ್ನು ಮ್ಯಾನೇಜರ ಕೈಗಿತ್ತು, ಬಂದು, ತಮ್ಮನ ಬೆನ್ನು ತಟ್ಟಿದರು.

"ಇಷ್ಟು ಜನದ ಮುಂದೆ ತಪ್ಪು ಒಪ್ಕೊಂಡೆಯಲ್ಲ, ದೊಡ್ಡತನ ಕಣ್ಲಾ. ಅಹಂಕಾರ ಬಿಡೋದು ಅಂದ್ರೆ ಇದೇ. ಅಂತೂ ನನ್ನನ್ನ ನೋಡಿ ಕಲಿತ್ಕೊಂಡೆ."

ಅಂದು ಸಂಜೆಯೊಳಗೆ ತಡಿಕೆಯ ಈಚೆಯ ರಾಶಿಯೆಲ್ಲ ಇಳಿದು, ಸುಲಿದು, ಒಡೆದು ಮುಗಿಯಿತು. ಉಂಡೆಯೆಂಬುದು ಒಂದೂ ದಕ್ಕಲಿಲ್ಲ. ವ್ಯಾಪಾರಿ ಬರಿಗೈಯಲ್ಲಿ ಹಿಂದಿರುಗಿದರು. ಯಜಮಾನರು ಚೂರುಗಳನ್ನು ಅಂಗಳದಲ್ಲಿ ಒಣಗಿಸಿ ಎಣ್ಣೆ ಗಿರಣಿಗೆ ಸಾಗಿಸಿದರು. ಶಿವರಾತ್ರಿ ಕಳೆದ ಮೇಲೆ ತಮ್ಮನು ತನ್ನ ಕಾಯಿ ಇಳಿಸಿದನು. ಇಡಿಯ ಉಂಡೆಗಳು ಬಂದವು, ಅದೇ ವ್ಯಾಪಾರಿ ಬಂದು ಕೊಂಡುಹೋದರು. ಈಗ ಅವನು ಹೊನ್ನವಳ್ಳಿಯಲ್ಲಿ ತನ್ನದೇ ಒಂದು ಅಟ್ಟ ಕಟ್ಟಿಸುತ್ತಿದ್ದಾನೆ. ಗೋಡೆ ಎದೆಮಟ್ಟಕ್ಕೆ ಬಂದಿದೆ.