ಕೊಟ್ಟಿಗೆ ಗೋಡೆಗೆ ಗುದ್ದಿದವರ್ಯಾರು?

ಪೊಲೀಸಿನವರು ಊರಿಗೆ ಬಂದರೆ ತಪ್ಪು ಮಾಡದವರೂ ತಮ್ಮ ತಪ್ಪು ಯಾವುದು ಅಂತ ಹುಡುಕಿಕೊಳ್ಳುತ್ತಾರೆ. ನಮ್ಮೂರಲ್ಲಂತೂ ಇದು ಇದ್ದದ್ದೇ. ಈ ಸಲ ಪಾಂಡವಪುರದ ಹತ್ತಿರದ ನಮ್ಮೂರಿನ ಸಮುದಾಯ ಭವನದಲ್ಲಿ ಮೂರು ದಿನ ಅವರಿಗೇ ತರಬೇತಿ. ಗಾಡಿಗೆ ಗಾಡಿ ಗುದ್ದಿದರೆ ತಪ್ಪು ಯಾರದು ಅಂತ ಕಂಡುಹಿಡಿಯೋ ವಿದ್ಯೆಯಂತೆ. ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣದಿಂದೆಲ್ಲ ಬಂದಿದ್ದರು. ಅಡುಗೆ ನಮ್ಮ ಮಹಿಳಾ ಸಂಘದ್ದು. ಮುದ್ದೆ ಕಟ್ಟೋದು ನನ್ನ ಪಾಲು.

ನನಗೆ ಒಳಗೊಳಗೇ ಇನ್ನೊಂದು ಆಸೆ ಇತ್ತು. ತಿಂಗಳ ಹಿಂದೆ ಯಾರೋ ನಮ್ಮ ಕೊಟ್ಟಿಗೆ ಗೋಡೆಗೆ ಗುದ್ದಿ ಮೂಲೆ ಬೀಳಿಸಿದ್ದರು. ಅನುಮಾನವೆಲ್ಲ ಎದುರುಮನೆ ಟ್ರಾಕ್ಟರಿನ ಮೇಲೆ. ಆ ಮನೆಯಾಕೆಗೂ ನನಗೂ ಮದುವೆಯಾಗಿ ಬಂದಾಗಿನ ಸ್ನೇಹ. ಗೋಡೆ ಬಿದ್ದಾಗಿನಿಂದ ಮಾತಿಲ್ಲ, ಮಜ್ಜಿಗೆ ಕೊಟ್ಟು ತಗೊಳ್ಳೋದೂ ಇಲ್ಲ.

ಹೆಲ್ಮೆಟ್ಟು

ಮೊದಲ ದಿನ ಜೀಪುಗಳು ಬಂದದ್ದೇ ತಡ, ಊರು ಗಪ್‌ಚಿಪ್. "ತರಬೇತಿ ಅಂತಾವ್ರೆ, ಒಳಗೆ ಬೇರೆ ಏನೋ ಐತೆ ಕಣಕ್ಕ" ಅಂದಳು ಸೊಪ್ಪು ಮಾರೋಳು. ಅಟ್ಟ ಸೇರಿದ್ದ ಹೆಲ್ಮೆಟ್ಟೆಲ್ಲ ಕೆಳಗಿಳಿದವು. ಎದುರುಮನೆ ಯಜಮಾನನಂತೂ ಎಮ್ಮೆ ಹೊಡ್ಕೊಂಡು ಹೋಗುವಾಗಲೂ ಹಾಕಿದ್ದ.

"ಏನ್ ಗೌಡ್ರೇ, ಇದ್ಯಾಕೆ?" ಅಂತ ಒಬ್ಬ ಪೇದೆ ಕೇಳಿದ.

ಈತ ಕೈಮುಗಿದು, "ಎಮ್ಮೆಗೂ ಇನ್ಸೂರೆನ್ಸ್ ಐತೆ ಸಾ. ತರ್ಲಾ?" ಅಂದ.

ಇಷ್ಟು ಹೆದರೋನು ಗೋಡೆ ಗುದ್ದದೇ ಇರ್ತಾನಾ ಅಂತ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ರಂಗೋಲಿ

ಅವತ್ತು ಸಂಜೆ ಅಭ್ಯಾಸಕ್ಕೆ ಅಂತ ನಮ್ಮ ಬಾಗಿಲ ಮುಂದೆ ಒಂದು ಹಳೇ ಬೈಕು ಮಲಗಿಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ, ಬಾಣ ಎಳೆದು ಹೋದರು. ಬೆಳಗ್ಗೆದ್ದು ನಾನು ಎಂದಿನಂತೆ ಗುಡಿಸಿ, ಸಗಣಿ ನೀರು ಹಾಕಿ, ರಂಗೋಲಿ ಬಿಟ್ಟೆ. ಕಲಿಯೋಕೆ ಬಂದವರು ಟೇಪು ಹಿಡಿದು ಅದನ್ನೇ ಅಳೆದರು. ಒಬ್ಬ ಬರೆದುಕೊಂಡ: "ಗಾಡಿ ಎಂಟು ಸುತ್ತು ಸುತ್ತಿದೆ."

ಪಾಠ ಹೇಳೋ ಇನ್ಸ್‌ಪೆಕ್ಟರು ಹಣೆ ಚಚ್ಚಿಕೊಂಡರು. "ಸಾಕ್ಷಿ ಅಳಿಸಿದ್ದು ನೀವೇನಜ್ಜಿ?"

"ಇನ್ನೇನ್ಮಾಡ್ಲಪ್ಪ? ಬಾಗ್ಲಿಗೆ ನೀರು ಹಾಕ್ದೆ ಬುಟ್ರೆ ನಮ್ಮತ್ತೆ ಮೇಲಿಂದ್ಲೇ ಕೇಸ್ ಹಾಕ್ಬುಡ್ತಾರೆ!"

ಇಪ್ಪತ್ತೋ ನಲವತ್ತೋ

ಕೊನೇ ದಿನ ಸಾರು ಬಿಡುತ್ತಾ ಇನ್ಸ್‌ಪೆಕ್ಟರಿಗೆ ಅಂದೆ, "ಸುಳ್ಳು ಗುದ್ದಾಟ ಎಷ್ಟೂಂತ ನೋಡ್ತೀರಪ್ಪ? ನಮ್ಮನೇಲಿ ನಿಜದ್ದೇ ಐತೆ." ಉಂಡ ಋಣವೋ ಏನೋ, ಶಿಷ್ಯರ ಸಮೇತ ಕೊಟ್ಟಿಗೆಗೆ ಬಂದರು. ಎದುರುಮನೆಯಾಕೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಲಿ ಮೇಲೆ ನಿಂತಳು. ನಮ್ಮ ಯಜಮಾನರು ಎಲ್ಲರಿಗಿಂತ ಮುಂದೆ. "ಟ್ರಾಕ್ಟರೇ ಸಾ, ಬರ್ಕೊಳಿ" ಅಂದರು.

"ಟ್ರಾಕ್ಟರ್ ಅಲ್ಲ, ಸಣ್ಣ ಗಾಡಿ" ಅನ್ನುತ್ತಾ ಇನ್ಸ್‌ಪೆಕ್ಟರು ಇಟ್ಟಿಗೆ ಸಂದಿಯಿಂದ ಒಣಗಿದ ನಿಂಬೆಹಣ್ಣು ಮೆಣಸಿನಕಾಯಿ ಸರ ಎಳೆದರು.

ನನ್ನ ಹಳೇ ನೀಲಿ ಸೀರೆ ಅಂಚು ಹರಿದು ನಾನೇ ಕಟ್ಟಿದ ಸರ! ಗಂಜಾಂ ನಿಮಿಷಾಂಬೆ ಗುಡಿ ಮುಂದೆ ಪೂಜೆ ಮಾಡಿಸಿ, ದೃಷ್ಟಿಯಾಗದಿರಲಿ ಅಂತ ಮಗನ ಲಗೇಜ್ ಆಟೋಗೆ ಕಟ್ಟಿದ್ದೆ. ಗೋಡೆ ಬಿದ್ದ ದಿನ ಮಗ ಬಸ್ಸಲ್ಲಿ ಹೇಮಗಿರಿಗೆ ಹೋಗಿದ್ದ, ನಾನು ಸಂಘದ ಮೀಟಿಂಗಿಗೆ. ಮನೇಲಿದ್ದವರು ಆಟೋ ಮತ್ತು ಯಜಮಾನರು. ಕಣ್ಣಿಗೆ ಪೊರೆ ಬಂದೈತೆ, ಕೀ ಮುಟ್ಟಬೇಡಿ ಅಂತ ಅವರಿಗೆ ಮಗ ಕೈಮುಗಿದು ಹೇಳಿದ್ದ.

ನಾನು ಓರೆಗಣ್ಣಲ್ಲಿ ಯಜಮಾನರನ್ನು ನೋಡಿದೆ.

"ವೇಗ ಎಷ್ಟಿರಬಹುದು?" ಇನ್ಸ್‌ಪೆಕ್ಟರು ಶಿಷ್ಯರನ್ನು ಕೇಳಿದರು.

"ನಲವತ್ತು ಸಾರ್."

"ಐವತ್ತು ಸಾರ್. ಕುಡಿದು ಓಡಿಸಿರಬೇಕು."

ನಮ್ಮ ಯಜಮಾನರಿಗೆ ತಡೆಯಲಾಗಲಿಲ್ಲ. "ಏಯ್, ಸುಮ್ಕಿರಪ್ಪ! ಇಪ್ಪತ್ತೂ ದಾಟಿರ್ನಿಲ್ಲ! ಕುಡಿಯೋದು ಬುಟ್ಟು ಹತ್ತೊರ್ಸ ಆಯ್ತು!"

ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ನಾನು ಸೀದಾ ಒಳಗೆ ಹೋಗಿ, ಒಂದು ಚೊಂಬು ಮಜ್ಜಿಗೆ ಹಿಡಿದು ಎದುರುಮನೆ ಜಗಲಿ ಮುಂದೆ ತಲೆತಗ್ಗಿಸಿ ನಿಂತೆ. ಆಕೆ ಚೊಂಬು ಈಸಿಕೊಂಡು ಒಳಗೆ ಹೋದಳು. ಬರಿದು ಮಾಡಿಕೊಂಡು ಬಂದವಳ ಇನ್ನೊಂದು ಕೈಯಲ್ಲಿ ಗಂಡನ ಹೆಲ್ಮೆಟ್ಟಿತ್ತು.

"ತಗೋ ಅಕ್ಕ, ಹಾಕ್ಕೊಂಡೇ ಮನೆಗೋಗು. ಬಾವ ಇನ್ನೂ ಆಟೋ ಪಕ್ಕದಲ್ಲೇ ನಿಂತವ್ರೆ."