ಟ್ಯಾಂಗೋ ಹಾಡಿನ ಅರ್ಥ

ಮನಸ್ಸು ಹಗುರ ಮಾಡ್ಕೊಳ್ಳೋಣ ಅಂತ ನಾನು ಎಲ್ಲಿಗೆ ಹೋದರೂ ಅಲ್ಲಿ ನನಗಿಂತ ದೊಡ್ಡ ದುಃಖ ಚಾಪೆ ಹಾಸ್ಕೊಂಡು ಕೂತಿರುತ್ತೆ. ಹೆಂಡತಿ ಬೇರೆ ಮನೆ ಮಾಡಿಕೊಂಡು ಹೋದ ಮೇಲೆ, ನಾನಿರೋ ಐರ್ಲೆಂಡಿನ ಊರು ಸ್ವೋರ್ಡ್ಸ್‌ನ ಒಂದು ಹಾಲ್‌ನಲ್ಲಿ ಟ್ಯಾಂಗೋ ನೃತ್ಯ ಕಲಿಯೋಕೆ ಸೇರಿದೆ. ಅಲ್ಲೂ ಅದೇ ಆಯ್ತು.

೧. ಸುಖದ ಹಾಡು

ಕಲಿಸುವವರು ಅರ್ಜೆಂಟೀನಾದ ಅಜ್ಜಿ. ಹಾಡಿನ ಅರ್ಥ ಕೇಳಿದೆ.

"ಅವಳು ಬಿಟ್ಟು ಹೋದಳು. ಇವನು ಕುಡೀತಾ ಕೂತಿದ್ದಾನೆ."

ಮುಂದಿನ ಹಾಡು?

"ಇವಳೂ ಬಿಟ್ಟು ಹೋದಳು. ಇವನ ಹತ್ರ ಕುಡಿಯೋಕೂ ಏನಿಲ್ಲ."

ಸುಖವಾಗಿರೋದು ಒಂದೂ ಇಲ್ವಾ ಅಂದೆ. ಅಜ್ಜಿ ಹಾಡುಗಳ ಪಟ್ಟಿಯನ್ನ ಮೇಲಿಂದ ಕೆಳಗಿನವರೆಗೂ ಹುಡುಕಿದರು.

"ಒಂದಿದೆ. ಅದರಲ್ಲಿ ಬರೀ ವಾದ್ಯ, ಮಾತಿಲ್ಲ."

೨. ಗ್ರ್ಯಾಂಡ್

ನನ್ನ ಜೊತೆ ಹೆಜ್ಜೆ ಹಾಕೋಕೆ ಸಿಕ್ಕವರು ವಯಸ್ಸಾದ ಐರಿಶ್ ಹೆಂಗಸು. "ಹೆಂಡತಿ ಬರಲಿಲ್ವಾ?" ಅಂದರು. ಬಿಟ್ಟು ಹೋದಳು ಅಂದೆ. "ಗ್ರ್ಯಾಂಡ್. ಎಡಗಾಲು ಮುಂದಿಡಪ್ಪ" ಅಂದರು. ಇಲ್ಲಿಯವರಿಗೆ ಸರಿ, ಆಯ್ತು, ಪರವಾಗಿಲ್ಲ, ಎಲ್ಲದಕ್ಕೂ ಗ್ರ್ಯಾಂಡೇ. ನನ್ನ ಬಾಯಿಗೂ ಅದು ಅಂಟಿಕೊಂಡಿದೆ.

ಇನ್ನೊಂದು ದಿನ ಕುಣೀತಾ ಕುಣೀತಾ ಅವರು, "ನನ್ನ ಗಂಡ ಹೋದ ವರ್ಷ ತೀರಿಹೋದರು, ಹಾರ್ಟ್ ಅಟ್ಯಾಕ್" ಅಂದರು.

"ಗ್ರ್ಯಾಂಡ್" ಅಂದೆ.

ನಾಲಿಗೆ ಕಚ್ಚಿಕೊಂಡೆ. ಅವರು ಹೆಜ್ಜೆ ನಿಲ್ಲಿಸಲಿಲ್ಲ.

"ನಿಜ ಹೇಳ್ಬೇಕು ಅಂದ್ರೆ, ಕೆಲವು ದಿನ ಹಾಗೇ ಅನಿಸುತ್ತೆ."

೩. ಶಿಫ್ಟ್

ಮೈಸೂರಿಂದ ಅಮ್ಮ ವಿಡಿಯೋ ಕಾಲ್ ಮಾಡಿದಾಗೆಲ್ಲ ಸೊಸೆ ಎಲ್ಲಿ ಅಂತ ಕೇಳೋರು. ಅವಳು ಆಸ್ಪತ್ರೆಯಲ್ಲಿ ಡಾಕ್ಟರ್. ನೈಟ್ ಶಿಫ್ಟ್ ಅಂದುಬಿಡ್ತಿದ್ದೆ. ತಿಂಗಳುಗಟ್ಟಲೆ ಅದನ್ನೇ ಅಂದೆ.

ಒಂದು ಭಾನುವಾರ ಮನೇಲಿ ಟ್ಯಾಂಗೋ ಹಾಡು ಹಾಕ್ಕೊಂಡಿದ್ದಾಗ ಅಮ್ಮನ ಕಾಲ್ ಬಂತು. "ಅವನ್ಯಾಕೋ ಹಾಡ್ತಾ ಹಾಗೆ ಅಳ್ತಾನೆ?" ಅಂದರು ಅಮ್ಮ.

"ಹೆಂಡತಿ ಮನೆಗೆ ಬಂದಿಲ್ವಂತೆ ಅಮ್ಮ. ಕಾಯ್ತಾ ಇದ್ದಾನೆ."

ಅಮ್ಮ ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಅವಳಿಗೂ ನೈಟ್ ಶಿಫ್ಟೇನೋ?"

೪. ಅನುವಾದ

ಕ್ಲಾಸಿನ ಕೊನೇ ದಿನ ಒಬ್ಬೊಬ್ಬರೂ ಒಂದೊಂದು ಹಾಡಿನ ಅರ್ಥವನ್ನ ಅವರವರ ಭಾಷೇಲಿ ಹೇಳಬೇಕು ಅಂದರು ಅಜ್ಜಿ. ಮನೆಯವರು, ಸ್ನೇಹಿತರು ಎಲ್ಲ ನೋಡೋಕೆ ಬಂದಿದ್ದರು. ಕನ್ನಡ ಯಾರಿಗೆ ಬರುತ್ತೆ ಅನ್ನೋ ಧೈರ್ಯದ ಮೇಲೆ ಶುರು ಮಾಡಿದೆ. ಮೊದಲ ಎರಡು ಸಾಲು ಹಾಡಿನದೇ. ಆಮೇಲೆ ನಾಲಿಗೆ ನಮ್ಮನೆ ಕಡೆ ತಿರುಗಿತು. ಅವಳು ಸೂಟ್‌ಕೇಸ್ ತುಂಬಿದ್ದು, ನಾನೇ ಅದನ್ನ ಕಾರಿಗೆ ಹೊತ್ತು ಹಾಕಿದ್ದು, ಕಾರು ಹೋದ ಮೇಲೆ ಒಳಗೆ ಬಂದು ಇಬ್ಬರಿಗೂ ಕಾಫಿ ಸೋಸಿದ್ದು, ಎಲ್ಲ ಹೇಳಿಬಿಟ್ಟೆ. ಅಮ್ಮನಿಗೂ ಹೇಳದ ಮಾತುಗಳು. ಐರಿಶ್ ಜನ ಕಣ್ಣೊರೆಸಿಕೊಂಡರು. ಅಜ್ಜಿ ಕೂಡ "ಸರಿಯಾಗಿ ಹೇಳಿದೆ" ಅಂದರು.

ಜಾಕೆಟ್ ಹಾಕ್ಕೊಂಡು ಹೊರಡ್ತಿದ್ದೆ. ಕ್ಲಾಸಿನಲ್ಲಿದ್ದ ತಮ್ಮ ಸಹೋದ್ಯೋಗಿಯ ಕುಣಿತ ನೋಡೋಕೆ ಬಂದಿದ್ದ ಒಬ್ಬ ಹೆಂಗಸು ಹತ್ತಿರ ಬಂದು ಅಚ್ಚ ಬೆಂಗಳೂರು ಕನ್ನಡದಲ್ಲಿ ಕೇಳಿದರು.

"ಸಾರ್, ತಪ್ಪು ತಿಳ್ಕೋಬೇಡಿ. ಆ ಹಾಡಲ್ಲಿ ಏರ್ ಫ್ರೈಯರ್ ತಗೊಂಡು ಹೋದಳು ಅಂತ ನಿಜವಾಗ್ಲೂ ಇದೆಯಾ?"

ಇಲ್ಲ ಅಂದೆ. ಜಾಕೆಟ್ ಜಿಪ್ಪನ್ನ ಕತ್ತಿನವರೆಗೂ ಎಳ್ಕೊಂಡೆ.

"ಬೇಜಾರು ಮಾಡ್ಕೋಬೇಡಿ" ಅಂದರು. "ನಮ್ಮನೆಯವರು ಕುಕ್ಕರೇ ತಗೊಂಡು ಹೋದ್ರು."