ಉಪಗ್ರಹದ ಜೊತೆ ಚೌಕಾಶಿ

ಈ ವ್ಯವಹಾರದಲ್ಲಿ ನಾನು ಕಳೆದುಕೊಂಡದ್ದು ಇಷ್ಟು: ಎರಡು ತಿಂಗಳ ಹಾಲು, ಒಂದು ಕಿಲೋ ಪೇಡೆ, ಮತ್ತು ಚೌಕಾಶಿಯಲ್ಲಿ ಸೋಲದವನೆಂಬ ಹೆಸರು. ಕಾರಣ? ಮನುಷ್ಯರ ಜೊತೆ ಚೌಕಾಶಿ ಮಾಡಿ ಸಾಕಾಗಿ, ಉಪಗ್ರಹದ ಜೊತೆ ಮಾಡಿದೆ!

ತೊಂಬತ್ತರ ದಶಕದ ಮಾತು. ಸಿಂಧನೂರಿನ ರೈಸ್ ಮಿಲ್ಲುಗಳಿಂದ ಹಳೇ ಗೋಣಿಚೀಲ ತಂದು, ಹೊಲಿಸಿ ಮಾರುತ್ತ, ಮಸ್ಕಿಯಲ್ಲಿ ಸ್ವಂತ ಅಂಗಡಿ ಕಟ್ಟಿದವನು ನಾನು. ಒಂದು ದಿನ ಮಳೆ ಲೆಕ್ಕದ ಸಾಹೇಬರೊಬ್ಬರು ಬಂದರು. ಉಪಗ್ರಹ ಮೇಲಿಂದ ಹೇಳುವ ಮಳೆಗೂ ನೆಲಕ್ಕೆ ಬೀಳುವ ಮಳೆಗೂ ಎಷ್ಟು ತಾಳೆ ಅಂತ ನೋಡಬೇಕಂತೆ. ಲಿಂಗಸೂಗೂರಿನಲ್ಲಿ ನಮ್ಮ ಬೀಗರ ಅಂಗಳದಲ್ಲೊಂದು ಮಳೆಮಾಪಕ, ಮಸ್ಕಿಯಲ್ಲಿ ನನ್ನ ಅಂಗಳದಲ್ಲೊಂದು. ಮಳೆಗಾಲ ಮುಗಿದ ಮೇಲೆ ಯಾರ ಅಳತೆ ನಂಬುವಂತಿದೆಯೋ ಅವರ ಮನೆ ಮುಂದೆ ಕಾಯಂ ಕೇಂದ್ರ, ಬೋರ್ಡು ಸಮೇತ!

ಬೀಗರು ರಿಟೈರಾದ ಮಾಸ್ತರರು. ನನ್ನ ಮಗಳ ಮದುವೆಯ ಪಂಕ್ತಿಯಲ್ಲೇ "ವ್ಯಾಪಾರದ ಮಂದಿಗೆ ಅಕ್ಷರ ಕಡಿಮಿ" ಅಂದಿದ್ದರು. ಆ ಬೋರ್ಡು ನನ್ನ ಬಾಗಿಲಿಗೇ ಬರಬೇಕು!

ಕೆಲಸ ಸರಳ. ದಿನಾ ಮುಂಜಾನೆ ಎಂಟೂವರೆಗೆ ಮಾಪಕದ ನೀರನ್ನು ಗೀಟು ಕೊರೆದ ಗಾಜಿನ ಲೋಟಕ್ಕೆ ಸುರಿದು, ಎಷ್ಟು ಮಿಲಿಮೀಟರ್ ಅಂತ ಬರೆಯುವುದು. ಆದರೆ ಮೊದಲ ವಾರವೇ ಅನುಮಾನ ಬಂತು. ಸಂಜೆಯ ಟಿ.ವಿ. ಸುದ್ದಿಯ ಉಪಗ್ರಹ ಚಿತ್ರದಲ್ಲಿ ನಮ್ಮ ಸೀಮೆ ತುಂಬ ಅರಳಿದ ಹತ್ತಿಯಂಥ ಮೋಡ. ಮುಂಜಾನೆ ಲೋಟದಲ್ಲಿ ಎರಡೇ ಗೀಟು! ಇಷ್ಟು ವರ್ಷ ವ್ಯಾಪಾರ ಮಾಡಿದವನಿಗೆ ತಿಳಿಯದೇ? ಒಬ್ಬ ಜಾಸ್ತಿ ಹೇಳುತ್ತಾನೆ, ಇನ್ನೊಬ್ಬ ಕಡಿಮೆ ಕೇಳುತ್ತಾನೆ. ನ್ಯಾಯವಾದ ರೇಟು ನಡುವೆ ಇರುತ್ತದೆ. ಮೋಡ ದಟ್ಟವಿದ್ದುದಕ್ಕೆ ಉಪಗ್ರಹದ್ದು ಮೂವತ್ತು ಅಂತ ಹಿಡಿದೆ. ಲೋಟದ್ದು ಎರಡು. ಹದಿನಾರಕ್ಕೆ ಮುಗಿಸಿದೆ!

ಹೆಂಡತಿ ಶರಣಮ್ಮ ಬಗ್ಗಿ ನೋಡಿದಳು. "ಏನ್ರೀ, ಅಂಗಳದಾಗ ಹಪ್ಪಳ ಒಣಗಾಕತ್ತಾವ. ಹದಿನಾರು ಬರದೀರಲ್ಲ?"

"ನಿನಗ ವ್ಯಾಪಾರ ತಿಳಿಯಂಗಿಲ್ಲ, ಸುಮ್ಕಿರು."

"ಆತು ಬಿಡ್ರಿ." ಒಳಗೆ ಹೋದಳು. ಅಷ್ಟು ಸುಲಭಕ್ಕೆ ಆಕೆ ಯಾವತ್ತೂ ಬಿಟ್ಟವಳಲ್ಲ. ನನಗೆ ಹೊಳೆಯಲಿಲ್ಲ.

ಈ ನಡುವೆ ಮನೆಯಲ್ಲಿ ಇನ್ನೊಂದು ಅನ್ಯಾಯ ಪತ್ತೆಯಾಯಿತು. ಅಡುಗೆಮನೆ ಗೋಡೆಯ ಮೇಲೆ ಹಾಲಿನ ಲೆಕ್ಕಕ್ಕೆ, ತಂಬಿಗೆಗೊಂದರಂತೆ, ಇದ್ದಿಲಿನಿಂದ ಗೀಟು ಎಳೆಯುವುದು ನಮ್ಮ ಪದ್ಧತಿ. ಆ ಗೀಟುಗಳು ಕಂಡಾಪಟ್ಟೆ ಬೆಳೆದಿದ್ದವು! ಹಾಲಿನ ಹನುಮಪ್ಪನನ್ನು ತಡೆದೆ.

"ಏನಲೇ, ಒಂದ ದಿನಕ್ಕ ಎಪ್ಪತ್ತು ಗೀಟು? ನಾವೇನು ಹಾಲಿನ್ಯಾಗ ಜಳಕ ಮಾಡ್ತೀವೇನು?"

"ನಾ ಕೊಟ್ಟಿದ್ದು ಒಂದ ತಂಬಿಗಿ ರೀ ಸಾವ್ಕಾರ!"

"ಹಂಗಾರ ಗ್ವಾಡಿ ಸುಳ್ಳ ಹೇಳ್ತದೇನು?"

ಹನುಮಪ್ಪ ಅವತ್ತೇ ಹಾಲು ಹಾಕುವುದು ಬಿಟ್ಟ.

ಮಳೆಗಾಲ ಮುಗಿದು ಸಾಹೇಬರು ಬಂದರು. ಬೀಗರೂ ತಮ್ಮ ಪುಸ್ತಕ ಹಿಡಿದು ಬಂದು ಕೂತರು. ಎಲ್ಲರಿಗೂ ಕರಿ ಚಾ. ಪೇಡೆ ಮಾತ್ರ ವಿಜಯೋತ್ಸವಕ್ಕೆಂದು ತೆಗೆದಿಟ್ಟಿದ್ದೆ.

ಬೀಗರ ಅಕ್ಷರ ಮುತ್ತು. ಆದರೆ ಪ್ರತಿ ರವಿವಾರದ ಮುಂದೆ 'ರಜೆ' ಅಂತ ಬರೆದಿದ್ದರು!

"ಮಾಸ್ತರೇ, ಮಳೆಗೂ ರಜೆ ಇರುತ್ತದೆಯೇ?" ಅಂದರು ಸಾಹೇಬರು.

ನಾನು ಪೇಡೆ ಡಬ್ಬಿಯ ದಾರ ಬಿಚ್ಚಿದೆ.

ಆಮೇಲೆ ನನ್ನ ಪುಸ್ತಕ. ಒಂದು ಪುಟದಲ್ಲಿ ಸಾಹೇಬರ ಬೆರಳು ನಿಂತಿತು. "ಈ ದಿನ ಹಳ್ಳ ತುಂಬಿ ನನ್ನ ಬಸ್ಸೇ ಮಸ್ಕಿಯಲ್ಲಿ ನಿಂತಿತ್ತು. ನೀವು ಬರೀ ಮೂವತ್ತೈದು ಬರೆದಿದ್ದೀರಿ?"

"ಲೋಟದಾಗ ಎಪ್ಪತ್ತಿತ್ತು ರೀ. ಟಿ.ವಿ.ಯೊಳಗ ಮೋಡನ ಇರಲಿಲ್ಲ. ಅದಕ್ಕ ನಡುವ ಮುಗಿಸಿದೆ."

ಸಾಹೇಬರು ಕನ್ನಡಕ ತೆಗೆದರು. "ಯಜಮಾನರೇ, ಉಪಗ್ರಹದ್ದು ಅಂದಾಜು. ಅದು ಎಲ್ಲಿ ತಪ್ಪುತ್ತದೆ ಅಂತ ನೋಡಲಿಕ್ಕೇ ನಿಮ್ಮ ಅಳತೆ ಬೇಕಿತ್ತು. ನೀವು ಎರಡಕ್ಕೂ ರಾಜಿ ಮಾಡಿಸಿದ್ದೀರಿ!"

ಬೀಗರು ಕೆಮ್ಮಿದರು. ಆ ಕೆಮ್ಮಿನಲ್ಲಿ ಪೂರ್ತಿ ನಗುವೇ ಇತ್ತು. ನಾನು ಡಬ್ಬಿಗೆ ಮತ್ತೆ ದಾರ ಸುತ್ತತೊಡಗಿದೆ.

ಆಗ ಒಳಗಿಂದ ಶರಣಮ್ಮನ ದನಿ. "ಸಾಹೇಬ್ರ, ಒಳಗ ಬಂದು ಗ್ವಾಡಿ ನೋಡ್ರಿ. ಇವ್ರು ಪುಸ್ತಕ ತೆಗಿಯೂದರೊಳಗ ನಾ ಲೋಟ ನೋಡಿ ಗೀಟು ಹಾಕೀನಿ. ಒಂದು ಗೀಟು ಒಂದು ಮಿಲಿಮೀಟರ್, ದಿನಕ್ಕೊಂದು ಸಾಲು. ಮಳಿ ಇಲ್ಲದ ದಿನ ಸೊನ್ನಿ. ರವಿವಾರನೂ ಅದ!"

ಸಾಹೇಬರು ಒಲೆಯ ಪಕ್ಕ ಮಣೆ ಹಾಕಿಕೊಂಡು ಇಡೀ ಗೋಡೆ ನಕಲು ಮಾಡಿಕೊಂಡರು. ಕಾಯಂ ಕೇಂದ್ರ ನಮ್ಮದೇ! ಲಿಂಗಸೂಗೂರು ಸೋತಿತು, ಮಸ್ಕಿ ಗೆದ್ದಿತು! ಮೊದಲ ಪೇಡೆ ಬೀಗರ ಬಾಯಿಗೇ ತುರುಕಿದೆ. ತಿಂಗಳೊಳಗೆ ಬೋರ್ಡೂ ಬಂತು. 'ವೀಕ್ಷಕರು: ಶರಣಮ್ಮ'. ನನ್ನ ಹೆಸರಿಗಾಗಿ ಬೋರ್ಡಿನ ಹಿಂಬದಿಯನ್ನೂ ನೋಡಿದೆ. ಅಲ್ಲಿ ಮೊಳೆ ಮಾತ್ರ ಇದ್ದವು.

ಆದ್ದರಿಂದ ಓದುಗರೇ, ಅನುಭವಸ್ಥನ ಮಾತು ಕೇಳಿ. ಮಳೆಮಾಪಕವನ್ನು ಮರದಿಂದ, ಸೂರಿನಿಂದ ದೂರ ಇಡಿ. ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ. ಕಂಡದ್ದನ್ನೇ ಬರೆಯಿರಿ, ಆಕಾಶ ಎಷ್ಟೇ ಹೇಳಲಿ, ಒಂದು ಗೀಟೂ ಏರಿಸಬೇಡಿ, ಇಳಿಸಬೇಡಿ. ಗೋಡೆಯ ಗೀಟು ಯಾವುದರದ್ದು ಅಂತ ಮನೆಯಾಕೆಯನ್ನು ಕೇಳದೆ ಹಾಲಿನವನ ಮೇಲೆ ಏರಿಹೋಗಬೇಡಿ.

ಹನುಮಪ್ಪ ಎರಡು ತಿಂಗಳ ಮೇಲೆ ಮತ್ತೆ ಹಾಲು ಹಾಕತೊಡಗಿದ. ನಾನು ಮೂರು ಸಲ ಹೋಗಿ ಕರೆದಾಗ ಬರಲಿಲ್ಲ. ವೀಕ್ಷಕರು ಒಮ್ಮೆ ಹೇಳಿ ಕಳಿಸಿದರು, ಬಂದ!